ಹೊಸತೊಡಕಿಗೆ ನಾನು ಮೀನು ಹಿಡಿದದ್ದು

ತೊಂಬತ್ತರ ದಶಕದ ಮಾತು. ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಹೆಂಡತಿ ಸವಿತಾಳೊಂದಿಗೆ ಸಿಂಧಘಟ್ಟದ ಅತ್ತೆಮನೆಗೆ ಹೋಗಿದ್ದೆ. ಮಾರನೆಯ ದಿನ ಹೊಸತೊಡಕು, ಬಾಡೂಟದ ಹಬ್ಬ. ಬೆಳಿಗ್ಗೆಯೇ ಘೋಷಿಸಿದೆ: "ಅತ್ತೆ, ಇವತ್ತು ಮೀನ್‌ಸಾರು. ಮೀನು ನಾನು ತರ್ತೀನಿ. ಬಾಬುರಾಯನಕೊಪ್ಪಲಿನವನು, ಕಾವೇರಿ ಪಕ್ಕದಲ್ಲೇ ಬೆಳೆದವನು!"

ಕಾವೇರಿ ಪಕ್ಕದಲ್ಲಿ ಬೆಳೆದದ್ದು ನಿಜ. ಮೀನು ತಿಂದು ಬೆಳೆದದ್ದೂ ನಿಜ. ಹಿಡಿದಿರಲಿಲ್ಲ, ಅಷ್ಟೇ.

"ಅಂಗಾರೆ ಮಸಾಲೆ ಅರ್ದಿರ್ತೀನಿ ಕಣಪ್ಪ" ಎಂದರು ಅತ್ತೆ. ಮಾತಿನಲ್ಲಿ ಬಲು ಜಿಪುಣರಾದ ಮಾವ ನನ್ನನ್ನೊಮ್ಮೆ ನೋಡಿ ಗದ್ದೆಗೆ ಹೊರಟರು. ಆ ನೋಟದ ಮುಂದೆ ಗೆದ್ದು ತೋರಿಸಲೇಬೇಕಿತ್ತು.

ಸವಿತಾಳನ್ನೂ ಕರೆದುಕೊಂಡು ಊರ ಪಕ್ಕದ ಸಣ್ಣ ಕೆರೆಗೆ ಹೋದೆ. ದಡದಲ್ಲಿ ನಿಂತು ಗಾಳಕ್ಕೆ ಎರೆಹುಳು ಸಿಕ್ಕಿಸಿ ವೀರಾವೇಶದಿಂದ ಬೀಸಿದೆ. ಗಾಳ ಹಿಂದಿನ ಜಾಲಿಮರ ಹಿಡಿಯಿತು! ಬಿಡಿಸಿ ಮತ್ತೆ ಬೀಸಿದೆ. ಮಾವ ಕೊಡಿಸಿದ್ದ ಹೊಸ ಅಂಗಿಯ ಬೆನ್ನು ಪರ್ರೆಂದಿತು.

"ಮೀನು ನೀರೊಳ್ಗವೆ ಕಣ್ರೀ" ಎಂದಳು ಸವಿತಾ.

ರೋಷದಿಂದ ಜೊಂಡಿನ ಆಚೆಗೆ ಎಸೆದೆ. ಏನೋ ಸಿಕ್ಕಿತು! ಎಳೆದೆ. ಬರಲಿಲ್ಲ. ಬದಲಿಗೆ ಅದೇ ನನ್ನನ್ನು ಎಳೆಯತೊಡಗಿತು.

"ರೀ, ಕೋಲು ಬುಡಿ!"

"ಬಿಡಲ್ಲ! ದೊಡ್ಡ ಮೀನು!"

"ಅಯ್ಯೋ, ಎಮ್ಮೆ ಕಣ್ರೀ ಅದು!"

ಮೂಗಿನವರೆಗೂ ಮುಳುಗಿ ತಣ್ಣಗಿದ್ದ ಎಮ್ಮೆಯ ಕೊರಳ ಹಗ್ಗಕ್ಕೆ ಗಾಳ ಸಿಕ್ಕಿಕೊಂಡಿತ್ತು. ಅದು ಬೆದರಿ ಓಡಿದ ರಭಸಕ್ಕೆ ನಾನು ಎದೆಮಟ್ಟದ ನೀರಿನಲ್ಲಿದ್ದೆ. ಕಾಲು ಕೆಸರಲ್ಲಿ ಹೂತಿತ್ತು. ಈಜೋಣವೆಂದರೆ, ಕಾವೇರಿಯನ್ನು ನಾನು ಯಾವತ್ತೂ ಸೇತುವೆಯ ಮೇಲೆಯೇ ದಾಟಿದವನು! ಕೆಸರು ಒಳಗೊಳಗೆ ಎಳೆದಾಗ ನಿಜಕ್ಕೂ ಜೀವ ಬಾಯಿಗೆ ಬಂತು.

ಸವಿತಾಳ ಕೂಗಿಗೆ ಮಾವ ಗದ್ದೆಯಿಂದ ಓಡಿ ಬಂದರು. ತಲೆಯ ಪೇಟ ಬಿಚ್ಚಿ ಎಸೆದು, "ಅಳಿಮಯ್ಯ, ಗಟ್ಟಿಯಾಗಿ ಹಿಡ್ಕಳಿ!" ಎಂದು ದಡಕ್ಕೆ ಎಳೆದುಕೊಂಡರು. ಬೈಯಲಿಲ್ಲ, ನಗಲಿಲ್ಲ. ನಡುಗುತ್ತಿದ್ದ ನನ್ನ ತಲೆಯನ್ನು ಮಗುವಿಗೆ ಒರೆಸುವಂತೆ ಒರೆಸಿದರು.

ಮನೆಗೆ ಬಂದರೆ ಒಲೆಯ ಮೇಲೆ ಕುರಿಬಾಡು ಕುದಿಯುತ್ತಿತ್ತು. ಅತ್ತೆಗೆ ನನ್ನ ಮೇಲೆ ಅಷ್ಟು ನಂಬಿಕೆ!

ಊಟಕ್ಕೆ ಕೂತಾಗ ಪಕ್ಕದ ಮನೆಯ ನಿಂಗಣ್ಣ ಇಣುಕಿದ. "ಏನ್ ಗೌಡ್ರೆ, ಅಳಿಯಂದ್ರು ಕೆರೆಗೆ ಬಿದ್ರಂತೆ?"

ನಾನು ತಟ್ಟೆಯೊಳಗೇ ಮುಳುಗಲು ನೋಡಿದೆ.

"ಬೀಳೋದೇನ್ಲಾ?" ಎಂದರು ಮಾವ. "ಎಮ್ಮೆ ನೀರ್ಗಿಳ್ದು ಕುಂತ್ಬುಟ್ಟಿತ್ತು. ನಮ್ಮಳಿಯ ಇಳ್ದು ಎಬ್ಬಿಸ್ಬುಟ್ರು ಕಣ್ಲಾ!" ಹಾಗೆಂದು ಒಳ್ಳೆಯ ತುಂಡುಗಳನ್ನೆಲ್ಲ ನನ್ನ ತಟ್ಟೆಗೇ ಹಾಕಿದರು. ನನ್ನ ಕಣ್ಣು ತುಂಬಿ ಬಂತು. ಖಾರ ಹೆಚ್ಚಾಯಿತೇನೋ ಎಂದು ಅತ್ತೆ ನೀರು ಕೊಟ್ಟರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂಗಣ್ಣ. ಬೆನ್ನ ಹಿಂದೆ ಇನ್ನಿಬ್ಬರು. "ಅಳಿಯಂದ್ರೆ, ನಮ್ಮೆಮ್ಮೆಗಳೂ ಕೆರೆ ಬುಟ್ಟು ಬತ್ತಿಲ್ಲ. ವಸಿ ಎಬ್ಬಿಸ್ಕೊಡಿ."

ಮಾವ ಉಳಿಸಿಕೊಟ್ಟ ಮರ್ಯಾದೆಯನ್ನು ಕಾಪಾಡಲು ನನಗೆ ಒಂದೇ ದಾರಿ ಇತ್ತು. ಮೊದಲ ಬಸ್ಸಿಗೇ ಊರು ಬಿಟ್ಟೆ!