ನನ್ನ ದವಡೆಯೂ ಪಂಡಿತರ ವಾಯುವೂ

ವೈದ್ಯರ ಬಾಗಿಲಿಗೆ ಹೋದಾಗೆಲ್ಲ ನಾನು ನೋವಿನ ಜೊತೆಗೆ ಸಿಟ್ಟನ್ನೂ ಹೊತ್ತುಕೊಂಡೇ ವಾಪಸು ಬಂದವನು. ನಾನು ಎತ್ತಿನ ದಲ್ಲಾಳಿ. ಅಕ್ಷರ ಬಾರದು. ಆದರೆ ಎತ್ತು ಕುಂಟಿದರೆ ಗೊರಸೋ, ಮಂಡಿಯೋ, ಸೊಂಟದ ಚಪ್ಪೆಯೋ ಅಂತ ಹತ್ತು ಮಾರು ದೂರದಿಂದಲೇ ಹೇಳುತ್ತೇನೆ. ನಾನು ಚಂದಕವಾಡಿಯಲ್ಲಿ ನಿಂತು ಎತ್ತನ್ನು ಹೊಗಳಿದರೆ ಗುಂಡ್ಲುಪೇಟೆಯಲ್ಲಿ ಜನ ಹಗ್ಗ ಹಿಡಿದು ಕಾಯುತ್ತಿದ್ದರು. ಅಂಥ ಬಾಯಿಗೆ, ನಾವೆಲ್ಲ ಮೊದಲ ಸಲ ಓಟು ಹಾಕಿದ ವರ್ಷ, ಕೇಡು ಬಂತು. ಬಾಯಿ ತೆರೆದರೆ ಎಡಗಿವಿಯ ಮುಂದೆ ‘ಕಟ್’ ಅನ್ನುತ್ತಿತ್ತು. ಹತ್ತು ಮಾತಾಡಿದರೆ ಹನ್ನೊಂದನೆಯದಕ್ಕೆ ನೋವು. ಮಾತಿಲ್ಲದ ದಲ್ಲಾಳಿಯ ಕೈಗೆ ಯಾರು ಎತ್ತು ಕೊಡುತ್ತಾರೆ?

ಒಂದೇ ಸೀಸೆ

ಚಂದಕವಾಡಿಯ ಪಂಡಿತರ ಜಗಲಿಯಲ್ಲಿ ನನಗಿಂತ ಮುಂದೆ ಮಂಡಿನೋವಿನ ಅಜ್ಜಿ ಕೂತಿದ್ದಳು. “ವಾಯು ಕಣವ್ವ” ಅಂದರು. ಆಮೇಲೆ ಕಿವಿ ಗುಂಯ್‌ಗುಟ್ಟುವ ಒಬ್ಬ. “ವಾಯು ಕಣಪ್ಪ.” ನಾನು ಇನ್ನೂ ಕೂತಿರಲಿಲ್ಲ, “ನಿಂದೂ ವಾಯುನೇ ಕಣ್ಲಾ” ಅಂದುಬಿಟ್ಟರು.

“ಬಾಯಿ ನೋಡ್ನೇ ಇಲ್ವಲ್ಲ ಪಂಡಿತರೇ?”

“ವಾಯು ಕಣ್ಣಿಗೆ ಕಾಣ್ತದೇನ್ಲಾ?”

ಮೂವರಿಗೂ ಒಂದೇ ಸೀಸೆಯ ಎಣ್ಣೆ. ಹೊರಗೆ ಬರುವಾಗ ನೋಡುತ್ತೇನೆ, ಅವರ ಜಗಲಿಯ ಕಂಬ ಒಂದು ಕಡೆಗೆ ವಾಲಿತ್ತು. ದೇವರಾಣೆ, ಅದಕ್ಕೂ ಅದೇ ಎಣ್ಣೆ ತಿಕ್ಕಿದ್ದರು!

ನನ್ನ ಮಾತು ನನಗೇ

ಚಾಮರಾಜನಗರಕ್ಕೆ ಹೊಸದಾಗಿ ಒಬ್ಬ ಡಾಕ್ಟರು ಬಂದಿದ್ದರು, ಅನ್ನ ಉಣ್ಣುವ ಸೀಮೆಯವರು.

“ಊಟಕ್ಕೆ ತೊಂದರೆ ಉಂಟೇನಯ್ಯಾ?”

“ಇಲ್ಲ ಸ್ವಾಮಿ, ಹೊತ್ತಿಗೆ ಮೂರು ಮುದ್ದೆ.”

“ಹಾಗಾದರೆ ದವಡೆ ಗಟ್ಟಿಯಾಗಿದೆ.”

“ಮುದ್ದೆ ಯಾರು ಸ್ವಾಮಿ ಅಗೀತಾರೆ? ನುಂಗೋದು!”

ಅವರು ನಂಬಲಿಲ್ಲ. ಇಂಗ್ಲಿಷಿನಲ್ಲಿ ಏನೋ ಗೀಚಿ ಕೊಟ್ಟರು. ಕಾಂಪೌಂಡರ್ ಕೈಲಿ ಓದಿಸಿದೆ.

“ದವಡೆ ನೋವು ಅಂತ ಬರ್ದವ್ರೆ” ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. “ಅದನ್ನ ಅವ್ರಿಗೆ ಏಳಿದ್ದು ನಾನೇ ಅಲ್ವೇನಯ್ಯಾ! ಕೀಲಿಂದಾ, ಮಾಂಸದ್ದಾ, ಹಲ್ಲಿಂದಾ? ಅದೇಳು!”

“ಎಲ್ಲಾ ಅದ್ರೊಳಗೇ ಬಂತು ಬುಡಣ್ಣ.”

ಕುಂಟೆತ್ತಿನ ಮುಂದೆ ನಿಂತು ನಾನು ‘ಕಾಲು ನೋವು’ ಅಂತ ಹೇಳಿದ್ದರೆ ಸಂತೆಯವರು ನನ್ನನ್ನೇ ಗೂಟಕ್ಕೆ ಕಟ್ಟುತ್ತಿದ್ದರು.

ಮರದಡಿಯ ಇಕ್ಕಳ

ಗುಂಡ್ಲುಪೇಟೆಯಲ್ಲಿ ಲಾರಿ ನಿಲ್ಲುವ ಕಡೆ, ಮರದಡಿ ಒಬ್ಬ ಹಲ್ಲು ಕೀಳುತ್ತಿದ್ದ. “ದವಡೆ ನೋವಾ? ಹುಳುಕು ಹಲ್ಲು!” ಅಂದವನೇ ಇಕ್ಕಳ ಒಳಗಿಟ್ಟ. ನನ್ನ ಹಲ್ಲೆಂದರೆ ಬಂಡೆ. ಎರಡು ಇಕ್ಕಳ ಬಾಗಿದವು. ಮೂರನೆಯದಕ್ಕೆ ಈರುಳ್ಳಿ ಲಾರಿಯ ಡ್ರೈವರ್ ಬಂದು ಅವನ ಸೊಂಟ ಹಿಡಿದು ಎಳೆಯಬೇಕಾಯಿತು. ಬಂದ ಹಲ್ಲು ಹಾಲಿನ ಹಾಗೆ ಬೆಳ್ಳಗಿತ್ತು.

“ಹುಳ ಎಲ್ಲೋ?”

“ಓಡೋಯ್ತು ಕಣಣ್ಣ.”

ಬೈಯಲು ಬಾಯಿ ತೆರೆದೆ. ಕಟ್!

ಪಂಡಿತರ ಕುಂಟೆತ್ತು

ಮುಂದಿನ ತಿಂಗಳು ಅದೇ ಚಂದಕವಾಡಿಯ ಪಂಡಿತರು ತಮ್ಮ ಕುಂಟೆತ್ತನ್ನು ಮಾರಲು ಗುಂಡ್ಲುಪೇಟೆ ಸಂತೆಗೆ ಹೊಡೆದುಕೊಂಡು ಬಂದರು. ಕೊಳ್ಳಲು ಒಬ್ಬ ರೈತ ಸಿದ್ಧನಾಗಿ ನಿಂತಿದ್ದ. “ಕಾಲಿಗೇನಾಗೈತೆ ನೋಡೇಳ್ಲಾ” ಅಂದರು ಪಂಡಿತರು.

ನಾನು ಬಗ್ಗಲೂ ಇಲ್ಲ. “ವಾಯು ಪಂಡಿತರೇ.”

ಅವರು ಕೆಂಡವಾದರು. “ಮುಟ್ನಿಲ್ಲ, ಕಾಲೆತ್ನಿಲ್ಲ, ವಾಯು ಅಂತೀಯಲ್ಲ, ನೀನೂ ಒಬ್ಬ ದಲ್ಲಾಳಿಯೇನ್ಲಾ!”

ನನಗೆ ನಗು ತಡೆಯಲಾಗಲಿಲ್ಲ. ಅಂಥ ನಗು ಆ ಸಂತೆ ಕಂಡಿರಲಿಲ್ಲ. ಎತ್ತುಗಳು ಹಗ್ಗ ಜಗ್ಗಿದವು. ಅಷ್ಟರಲ್ಲಿ ‘ಕಟ್’ ಅಂತು, ತೆರೆದ ಬಾಯಿ ಮುಚ್ಚಲೇ ಇಲ್ಲ. ಮಾತಿಲ್ಲ, ಬರೀ “ಆ... ಆ...”. ಇನ್ನು ನನ್ನ ಕಸುಬು ಮುಗಿಯಿತು ಅಂತ ಕಣ್ಣಲ್ಲಿ ನೀರು ಬಂತು.

ಆಗ ಪಂಡಿತರು ಮೊದಲ ಸಲ ನನ್ನ ಬಾಯೊಳಗೆ ನೋಡಿದರು. ಕಿವಿಯ ಮುಂದೆ ಸವರಿದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒಳಗಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ನೂಕಿದರು. ಬಾಯಿ ಮುಚ್ಚಿತು.

“ಎಡಗಡೆ ಕೀಲು ಜಾರಿತ್ತು ಕಣ್ಲಾ.”

“ಮೊದ್ಲೇ ಏಳ್ಬಾರ್ದಿತ್ತಾ ಪಂಡಿತರೇ?”

“ಮೊದ್ಲು ಯಾರ್ಲಾ ನೋಡ್ದೋರು?”

ಇಷ್ಟು ಹೊತ್ತೂ ಅವರ ಹೆಗಲ ಮೇಲಿಂದ, ಕೊಳ್ಳುವ ಎತ್ತಿನ ಹಲ್ಲು ಎಣಿಸುವ ಹಾಗೆ, ನನ್ನ ಬಾಯೊಳಗೆ ಇಣುಕುತ್ತಿದ್ದ ರೈತ ತಲೆ ಕೊಡವಿಕೊಂಡು ಅಂದ: “ಎತ್ತು ಬೇಕಾದ್ರೆ ಇರ್ಲಿ ಪಂಡಿತರೇ, ಈ ದಲ್ಲಾಳಿ ಬ್ಯಾಡ. ಒಂದು ಹಲ್ಲೇ ಇಲ್ಲ!”