ಪಾಕಕ್ಕೆ ಬಿದ್ದ ಪರೀಕ್ಷಕ

ಹಾರ್ಲನ್ ಟ್ವಿಗ್‌ನ ಗನ್ನು ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಪ್ಯಾನ್‌ಕೇಕಿನ ಮೇಲೆ ಬಿತ್ತು. ಗುಂಡು ಹಾರಿಸುವ ಗನ್ನಲ್ಲ. ಬೇಸ್‌ಬಾಲ್ ಆಟದಲ್ಲಿ ಪಿಚರ್, ಅಂದರೆ ಚೆಂಡೆಸೆಯುವವನು, ಎಸೆದ ಚೆಂಡು ಗಂಟೆಗೆ ಎಷ್ಟು ಮೈಲಿ ವೇಗದಲ್ಲಿ ಹೋಯಿತು ಅಂತ ಹೇಳುವ ಗನ್ನು. ಕರವಸ್ತ್ರಕ್ಕೆಂದು ಚೀಲದೊಳಗೆ ಕೈ ಹಾಕಿದ; ಕರವಸ್ತ್ರದ ಬಾಲ ಹಿಡಿದುಕೊಂಡು ಗನ್ನೂ ಬಂತು; ಬಂದದ್ದು ಮೇಪಲ್ ಪಾಕದೊಳಗೆ ಎಮ್ಮೆ ಕೆರೆಗಿಳಿದಷ್ಟು ನಿರಾಳವಾಗಿ ಮೂತಿಯವರೆಗೆ ಇಳಿಯಿತು.

ಅದು ಮುಳುಗಿದ್ದು ದೊಡ್ಡದಲ್ಲ, ಮುಳುಗಿದ್ದನ್ನು ವರ್ಲಾ ಹಾಸ್ಕಿನ್ಸ್ ನೋಡಿದ್ದು ದೊಡ್ಡದು. ಟಕರ್ಸ್‌ವಿಲ್‌ನ ಆ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಕಾಫಿ ಬಗ್ಗಿಸುತ್ತಿರುವ ವರ್ಲಾಗೆ ಒಂದು ಸುದ್ದಿ ಸಿಕ್ಕಿತೆಂದರೆ ಅರ್ಧ ಅಯೋವಾ ರಾಜ್ಯಕ್ಕೆ ಸಿಕ್ಕಿದಂತೆ. ಉಳಿದರ್ಧಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುತ್ತದೆ.

"ಓಹೋ, ಮೇಲಿನ ತಂಡದವನು! ಯಾರನ್ನ ಹೊತ್ಕೊಂಡು ಹೋಗೋಕೆ ಬಂದಿದೀಯ ಚಿನ್ನಾ?"

"ನಾನಾ? ನಾನು... ವಿಮೆ ಮಾರೋನು."

"ವಿಮೆ ಮಾರೋರು ಗನ್ ಹಿಡ್ಕೊಂಡು ಬರೋದು ಯಾವಾಗಿಂದ?"

ಹಾರ್ಲನ್ ಗನ್ನನ್ನು ಪಾಕದಿಂದ ಎತ್ತಿ ಕರವಸ್ತ್ರದಲ್ಲಿ ಸುತ್ತಿದ. ಗುಟ್ಟಾಗಿ ಬರುವುದು, ಗುಟ್ಟಾಗಿ ನೋಡುವುದು, ಗುಟ್ಟಾಗಿ ಹೋಗುವುದು ಅವನ ಇಪ್ಪತ್ತೆರಡು ವರ್ಷದ ವೃತ್ತಿಧರ್ಮ. ಕೆಳಹಂತದ ತಂಡಗಳಿರುವ ಊರೂರು ಅಲೆದು, ಯಾವ ಹುಡುಗ ಮೇಲಿನ ತಂಡಕ್ಕೆ ತಕ್ಕವನು ಅಂತ ಹೆಸರು ಕಳಿಸುವ ಪರೀಕ್ಷಕ ಅವನು. ಈ ಸಲ ಬೇಕಾಗಿದ್ದದ್ದು ಒಬ್ಬ ಬದಲಿ ಪಿಚರ್: ಮೊದಲಿನವನ ತೋಳು ಸೋತಮೇಲೆ ನಡುವೆ ಬಂದು ತಂಡದ ಮಾನ ಕಾಯುವವನು. ಹಾರ್ಲನ್ ಕಳಿಸಿದ್ದ ಹಿಂದಿನ ಇಬ್ಬರಲ್ಲಿ ಒಬ್ಬ ತಂಡದ ಮಾನವನ್ನು ಮೈದಾನದಾಚೆ ಹಾರಿದ ನಾಲ್ಕು ಹೋಂರನ್ನಿಗೆ ಬಿಟ್ಟುಕೊಟ್ಟಿದ್ದ. ಇನ್ನೊಬ್ಬನ ಮೊದಲ ಎಸೆತ ಗ್ಯಾಲರಿಯಲ್ಲಿ ಹಾಟ್‌ಡಾಗ್ ಮಾರುತ್ತಿದ್ದವನ ಟೊಪ್ಪಿ ಹಾರಿಸಿತ್ತು.

ಮುಖ್ಯ ಕಚೇರಿಯ ಮಿಸ್ ಪೆಟ್ಟಿಬೋನ್ ಸ್ಲೇಟಿನ ಮೇಲೆ ಬಳಪ ಕೀಚಿದಂಥ ದನಿಯಲ್ಲಿ ಹೇಳಿದ್ದಳು: "ಬುಧವಾರ ಸಂಜೆ ಐದು. ಒಂದೇ ಹೆಸರು. ಇದೂ ಕೆಟ್ಟರೆ ನಿನ್ನ ಹೆಸರು ನನಗೆ ನೆನಪಿರಲ್ಲ, ಟ್ವಿಗ್."

ಇವತ್ತು ಬುಧವಾರ. ಹುಡುಗರು ಇಬ್ಬರು, ಡ್ವೇನ್ ಪಿಕೆಟ್ ಮತ್ತು ಡೊಮಿನಿಕನ್ ದೇಶದ ಹುಡುಗ ಅನ್ಸೆಲ್ಮೊ. ಹೊರಗಿನಿಂದ ಆಡಲು ಬಂದ ಹುಡುಗರನ್ನು ಊರಿನ ಮನೆಗಳು ಸೀಸನ್ ಪೂರ್ತಿ ತಮ್ಮಲ್ಲೇ ಇಟ್ಟುಕೊಂಡು ಸಾಕುವುದು ಇಲ್ಲಿನ ಪದ್ಧತಿ. ಡ್ವೇನ್ ಇರುವುದು ಇದೇ ವರ್ಲಾಳ ಮನೆಯಲ್ಲಿ.

ಶುರುವಾಯಿತು ಹೊಗಳಿಕೆ, ಅಂದುಕೊಂಡ ಹಾರ್ಲನ್. ಸಾಕುತಾಯಂದಿರ ಹೊಗಳಿಕೆ ಕೇಳಿ ಕೇಳಿ ಅವನ ಕಿವಿಗೆ ಸಕ್ಕರೆ ಕಾಯಿಲೆ ಬಂದಿತ್ತು. ವರ್ಲಾ ಎದುರಿನ ಕುರ್ಚಿ ಎಳೆದು ಕೂತಳು.

"ನಮ್ಮ ಡ್ವೇನ್‌ನ ಮಾತ್ರ ಮುಟ್ಟಬೇಡಪ್ಪ. ಸೋಮಾರಿ. ಭುಜ ಬೇರೆ ಕಟಕಟ ಅನ್ನುತ್ತೆ. ನಾರ್ಬರ್ಟ್ ಮನೇಲಿದಾನಲ್ಲ ಅನ್ಸೆಲ್ಮೊ, ಅವನು ಕಣಯ್ಯ ಚಿನ್ನ!"

ಹಾರ್ಲನ್‌ನ ಕೈಯಲ್ಲಿದ್ದ ಫೋರ್ಕು ಬಾಯಿಯ ದಾರಿ ಮರೆತು ಗಲ್ಲಕ್ಕೆ ಹೋಯಿತು. ತನ್ನ ಮನೆಯ ಹುಡುಗನನ್ನು ತಾನೇ ತೆಗಳುವ ತಾಯಿ! ಕೊನೆಗೂ ಸತ್ಯವಂತರ ಊರಿಗೆ ಬಂದೆ ಅಂತ ಅವನ ಕಣ್ಣು ತುಂಬಿಬಂತು.

ಅಂಟಿದ ಗನ್ನು ತೊಳೆಸಲು ರಸ್ತೆ ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯೊಡೆಯ ಇನ್ಯಾರೂ ಅಲ್ಲ, ಅನ್ಸೆಲ್ಮೊನನ್ನು ಸಾಕುತ್ತಿರುವ ನಾರ್ಬರ್ಟ್ ಕೆಸೆಲ್. ಸುದ್ದಿ ಹಾರ್ಲನ್‌ಗಿಂತ ಬೇಗ ರಸ್ತೆ ದಾಟಿತ್ತು.

"ಬನ್ನಿ ಸಾಹೇಬ್ರೆ. ನೋಡಿ, ಇದ್ದದ್ದು ಇದ್ದಂಗೆ ಹೇಳ್ತೀನಿ. ನಮ್ಮ ಅನ್ಸೆಲ್ಮೊಗೆ ಮಂಡಿ ಗಟ್ಟಿಯಿಲ್ಲ. ಗುಡುಗಿದ್ರೆ ಮಂಚದ ಕೆಳಗೆ ಹೋಗ್ತಾನೆ. ವರ್ಲಾ ಮನೆ ಡ್ವೇನ್ ಇದಾನಲ್ಲ, ವಜ್ರ ರೀ ವಜ್ರ!"

ತಮ್ಮ ಮನೆಯವನ ಬಗ್ಗೆ ಹೇಳಿದ್ದು ಸತ್ಯವಾದರೆ ಇಬ್ಬರು ಹುಡುಗರೂ ದಂಡ; ಇನ್ನೊಬ್ಬರ ಮನೆಯವನ ಬಗ್ಗೆ ಹೇಳಿದ್ದು ಸತ್ಯವಾದರೆ ಇಬ್ಬರೂ ರತ್ನ. ಹಾರ್ಲನ್‌ನ ತಲೆ ಗನ್ನಿಗಿಂತ ಹೆಚ್ಚು ಅಂಟಂಟಾಯಿತು. ಅಷ್ಟರಲ್ಲಿ ನಾರ್ಬರ್ಟ್ ಗನ್ನು ಬಿಚ್ಚಿ, ಎಂಥದೋ ಎಣ್ಣೆ ಹೊಯ್ದು, ಮತ್ತೆ ಜೋಡಿಸಿದ. ಒಂದು ಸ್ಕ್ರೂ ಉಳಿಯಿತು. ಗೋಡೆಗೆ ಗುರಿಯಿಟ್ಟರೆ ಗನ್ನು ನಲವತ್ತೊಂದು ಮೈಲಿ ಅಂದಿತು.

"ಗೋಡೆ ನಲವತ್ತೊಂದರಲ್ಲಿ ಓಡ್ತಿದೆಯಲ್ರೀ!"

"ಈ ಊರಲ್ಲಿ ಎಷ್ಟು ದಿನ ಅಂತ ನಿಂತೇ ಇರುತ್ತೆ ಪಾಪ," ಅಂದ ನಾರ್ಬರ್ಟ್. "ಚಿಂತೆ ಬಿಡಿ. ಮೈದಾನದಲ್ಲಿ ವೇಗ ತೋರಿಸೋ ದೊಡ್ಡ ಬೋರ್ಡ್ ಇದೆ."

ಆ ಬೋರ್ಡನ್ನು ನಡೆಸುವವನು ತಾನೇ ಎಂಬ ಸಣ್ಣ ವಿಷಯ ಹೇಳಲು ಅವನು ಮರೆತ.

ಪಂದ್ಯ ಮಧ್ಯಾಹ್ನ ಒಂದೂವರೆಗೆ. ಹಾರ್ಲನ್ ಬ್ಯಾಟರನ ಬೆನ್ನಹಿಂದಿನ ಸಾಲಿನಲ್ಲಿ, ವಿಮೆ ಮಾರುವವನ ಮುಖ ಹಾಕಿಕೊಂಡು ಕೂತ. ಅಕ್ಕಪಕ್ಕದ ಹನ್ನೆರಡು ಜನ ಕೈಕುಲುಕಿ, "ಯಾರು ಅಂತ ತೀರ್ಮಾನ ಆಯ್ತಾ?" ಅಂತ ಕೇಳಿಹೋದರು.

ಏಳನೇ ಇನಿಂಗ್ಸಿಗೆ ಅನ್ಸೆಲ್ಮೊ ಬಂದ. ಚೆಂಡು ಸುಂಯ್ಯೆಂದು ಹೋಗಿ ಕ್ಯಾಚರನ ಗ್ಲವ್ಸಿನಲ್ಲಿ ಪಟಾಕಿಯಂತೆ ಸಿಡಿಯಿತು. ಬ್ಯಾಟರ್ ಗಾಳಿಗೆ ಬೀಸಿದ. ಬೋರ್ಡಿನಲ್ಲಿ ಬಂದದ್ದು ಬರೀ ಅರವತ್ತೊಂದು. ಅನ್ಸೆಲ್ಮೊ ಬೋರ್ಡು ನೋಡಿದ, ತನ್ನ ತೋಳು ನೋಡಿದ, ಇದು ನನ್ನದೇ ತೋಳಾ ಎಂಬಂತೆ ಒಮ್ಮೆ ಹಿಸುಕಿ ನೋಡಿದ.

ಎಂಟನೆಯದಕ್ಕೆ ಡ್ವೇನ್. ಮೊದಲ ಎಸೆತಕ್ಕೇ ಬೋರ್ಡು ನೂರಾ ಹನ್ನೆರಡು ಅಂದಿತು. ಭೂಮಿಯ ಮೇಲೆ ಮನುಷ್ಯಮಾತ್ರದವರು ಎಸೆಯದ ವೇಗ. ಡ್ವೇನ್ ಅದನ್ನು ನಂಬಿ ತನ್ನ ತೋಳಿಗೇ ಮುತ್ತಿಟ್ಟುಕೊಂಡ. ಎರಡನೆಯ ಎಸೆತ ನೋಡೋಣವೆಂದರೆ ಮುಂದೆ ಗ್ರಹಣ: ಬಿಸಿ ಬಿಸಿ ಕಡುಬಿನ ತಟ್ಟೆ ಹಿಡಿದ ವರ್ಲಾ!

"ಚೆರ್ರಿ ಹಾಕಿದ್ದು. ಆರೋದ್ರೊಳಗೆ ತಿನ್ನು."

"ಅಮ್ಮಾ, ಸ್ವಲ್ಪ ಸರೀರಿ—"

"ಅಲ್ಲೇನಿದೆ ನೋಡೋಕೆ? ತಿನ್ನು!"

ಅವಳು ಎಡಕ್ಕೆ ವಾಲಿದಾಗ ಅವನು ಬಲಕ್ಕೆ, ಅವಳು ಬಲಕ್ಕೆ ವಾಲಿದಾಗ ಅವನು ಎಡಕ್ಕೆ. ಅಂತೂ ಇಣುಕಿ ಇಣುಕಿ ನೋಡಿದ. ಹುಡುಗ ಬೆಂಕಿ, ಅನ್ಸೆಲ್ಮೊಗಿಂತ ಒಂದು ಕೈ ಮೇಲೇ! ವೇಗದ ಚೆಂಡನ್ನು ಒಬ್ಬನೂ ಮುಟ್ಟಲಿಲ್ಲ. ನಿಧಾನದ ತಿರುವು ಚೆಂಡನ್ನು ಮಾತ್ರ ಎದುರಾಳಿಗಳು ಮೊದಲೇ ಗೊತ್ತಿದ್ದವರಂತೆ ಕಾದು ನಿಂತು ಬಾರಿಸಿದರು. ಏನೋ ಅವರ ಅದೃಷ್ಟ, ಅಂದುಕೊಂಡ ಹಾರ್ಲನ್.

ಪಂದ್ಯ ಮುಗಿದದ್ದೇ ಬೋರ್ಡಿನ ಹಿಂದಿನ ಕೋಣೆಗೆ ಏಣಿ ಹತ್ತಿದ. ಒಳಗೆ ನಾರ್ಬರ್ಟ್ ಬೆಣ್ಣೆ ಕದ್ದ ಬೆಕ್ಕಿನಂತೆ ಕೂತಿದ್ದ.

"ನೂರಾ ಹನ್ನೆರಡಾ ನಾರ್ಬರ್ಟ್? ಚೆಂಡಾ ಅದು, ಸುಂಟರಗಾಳಿಯಾ?"

ನಾರ್ಬರ್ಟ್ ಟೊಪ್ಪಿ ತೆಗೆದ. "ಏನ್ಮಾಡ್ಲಿ ಮಾರಾಯ. ಅನ್ಸೆಲ್ಮೊ ಬರೋವರೆಗೆ ನಮ್ಮ ಬೀದಿಯವರು ಸಂಜೆ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಈಗ ಎಲ್ಲರೂ ನಮ್ಮ ವರಾಂಡದಲ್ಲಿ ಡಾಮಿನೋ ಆಡ್ತಾರೆ. ಅವನು ಬೇಕಂತಲೇ ಸೋಲ್ತಾನೆ, ನನಗ್ಗೊತ್ತು. ಅಂಥವನ್ನ ಕಳಿಸಿಕೊಡು ಅಂದ್ರೆ?"

"ವರ್ಲಾ?"

"ಅವಳದ್ದು ಇನ್ನೂ ಕಷ್ಟ. ಅವಳ ಗಂಡ ಎಮ್ಮೆಟ್‌ನ ಜೋಕಿಗೆ ಮೂವತ್ತು ವರ್ಷ ಅವಳೊಬ್ಬಳೇ ನಕ್ಕಿದಾಳೆ. ಈಗ ಡ್ವೇನ್ ನಗ್ತಾನೆ. ನಿಜವಾಗ್ಲೂ ನಗ್ತಾನೆ! ಅವನು ಹೋದ್ರೆ ಆ ಹೊರೆ ಮತ್ತೆ ಅವಳ ತಲೆ ಮೇಲೆ."

ಹಾರ್ಲನ್‌ನ ಕರುಳು ಚುರ್ರೆಂದಿತು. ಆದರೆ ಗಡಿಯಾರಕ್ಕೆ ಕರುಳಿಲ್ಲ, ಐದು ಹೊಡೆಯುವುದರಲ್ಲಿತ್ತು. ಕಾರು ನಿಲ್ಲಿಸಿದ್ದ ಬಯಲಿಗೆ ಬಂದು ಫೋನು ಮಾಡಿದ. ಪೆಟ್ಟಿಬೋನಳ ದನಿ ಫೋನಿನಿಂದ ನಾಲ್ಕು ಕಾರಿನಾಚೆಗೂ ಕೇಳುತ್ತಿತ್ತು.

"ಹೆಸರು!"

"ಡ್ವೇನ್ ಪಿಕೆಟ್, ಮೇಡಂ. ತೋಳು—"

ಮಾತು ಮುಗಿಯಲಿಲ್ಲ. ಕಾರಿನ ಹಿಂದೆ ಹೊಂಚು ಹಾಕಿದ್ದ ವರ್ಲಾ ಹದ್ದಿನಂತೆ ಎರಗಿ ಫೋನು ಕಸಿದಳು.

"ಕೇಳಿ ಮೇಡಂ, ಆ ಹುಡುಗ ನಿಮಗಾಗಲ್ಲ! ನಿಧಾನದ ಚೆಂಡು ಎಸೆಯೋ ಮುಂಚೆ ನಾಲಗೆ ತುದಿ ಹೊರಗೆ ಹಾಕ್ತಾನೆ. ಎದುರಿನೋರಿಗೆಲ್ಲ ಗೊತ್ತಾಗೋಗುತ್ತೆ. ಹದಿನೈದು ಎಸೆದಮೇಲೆ ಮೊಣಕೈ ಒಂದಿಂಚು ಕೆಳಗಿಳಿಯುತ್ತೆ. ಎರಡು ದಿನ ಸಾಲಾಗಿ ಆಡಿಸಿದ್ರೆ ಮೂರನೇ ದಿನ ಎಡಕ್ಕೆ ವಾಲ್ತಾನೆ, ಒಂದು ದಿನ ಬಿಟ್ಟು ಆಡಿಸಿದ್ರೆ ಮಾತ್ರ ನೆಟ್ಟಗಿರ್ತಾನೆ. ಅನ್ಸೆಲ್ಮೊನ್ನ ತಗೊಳ್ಳಿ. ಅವನಿಗೆ ಬೂಟು ಅರ್ಧ ಅಂಗುಲ ಬಿಗಿ, ಅದಕ್ಕೇ ಮಂಡಿನೋವು. ಬೂಟು ಬದಲಾಯಿಸಿದ್ರೆ ಕುದುರೆ!"

ಆ ಕಡೆ ಪೆನ್ನು ಸರಸರ ಓಡುವ ಸದ್ದು. ಇಪ್ಪತ್ತೆರಡು ವರ್ಷದಲ್ಲಿ ಪೆಟ್ಟಿಬೋನ್ ಬೇರೆಯವರ ಮಾತು ಬರೆದುಕೊಂಡದ್ದನ್ನು ಹಾರ್ಲನ್ ಕೇಳಿದ್ದು ಇದೇ ಮೊದಲು.

"ಟ್ವಿಗ್‌ಗೆ ಕೊಡಿ." ದನಿಯಲ್ಲಿ ಬಳಪ ಕೀಚಲಿಲ್ಲ, ಅದು ಇನ್ನೂ ಭಯಂಕರವಾಗಿತ್ತು. "ಆ ನಾಲಗೆ ವಿಷಯ ನೀನು ಗಮನಿಸಿದ್ದೆಯಾ?"

"ಅದು... ಚೆರ್ರಿ ಕಡುಬು ಅಡ್ಡ..."

"ಯಾರು ಆ ಹೆಂಗಸು?"

"ಹೋಟೆಲಲ್ಲಿ ಕಾಫಿ ಕೊಡೋರು, ಮೇಡಂ."

"ಕೊಡ್ತಿದ್ರು. ನಾಳೆಯಿಂದ ನಮ್ಮ ಪರೀಕ್ಷಕರು. ನಾಲಗೆ, ಮೊಣಕೈ ಎರಡೂ ವಾರದೊಳಗೆ ತಿದ್ದಬಹುದು. ಬೂಟಿಗೆ ಒಂದು ದಿನ ಸಾಕು. ಇಬ್ಬರು ಹುಡುಗರನ್ನೂ ಕಳಿಸು."

ಹೋಗಬಾರದೆಂದು ಊದಿದ ಶಂಖದಿಂದಲೇ ಹುಡುಗನ ದಿಬ್ಬಣ ಹೊರಟಿತ್ತು. ವರ್ಲಾ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು, ನಾರ್ಬರ್ಟ್ ಟೊಪ್ಪಿಯಲ್ಲಿ. ಆಮೇಲೆ ವರ್ಲಾ ಫೋನಿಗೆ ಬಾಗಿ ಕೇಳಿದಳು: "ಡ್ವೇನ್ ಆಡೋ ಊರಿಗೂ ಹೋಗಬಹುದಾ?"

"ತಿಂಗಳಿಗೆ ಎರಡು ಸಲ, ಕಂಪನಿ ಕಾರಲ್ಲಿ."

"ಕಾರಾ? ಹೆದ್ದಾರಿ ಅಂದ್ರೆ ನನ್ನ ಕೈಕಾಲು ನಡುಗುತ್ತೆ ಮೇಡಂ."

"ಟ್ವಿಗ್!" ಬಳಪ ಮತ್ತೆ ಕೀಚಿತು. "ನಿನಗೆ ಈ ದಾರಿಯೆಲ್ಲ ಗೊತ್ತಲ್ಲ?"

"ಇಪ್ಪತ್ತೆರಡು ವರ್ಷ, ಮೇಡಂ..."

"ಒಳ್ಳೆಯದು. ಬೆಳಿಗ್ಗೆ ಆರಕ್ಕೆ ಕಾರು ತೊಳೆದು ಅವರ ಮನೆ ಮುಂದೆ ನಿಲ್ಲಿಸಿರು."

ಫೋನು ಕಟ್ಟಾಯಿತು. ವರ್ಲಾ ಕಾರಿನ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕಾಲಲ್ಲಿ ಒಮ್ಮೆ ತಟ್ಟಿ, ಹಿಂದಿನ ಬಾಗಿಲ ಬಳಿ ಸುಮ್ಮನೆ ನಿಂತಳು.

ಹಾರ್ಲನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೋಗಿ ಬಾಗಿಲು ತೆಗೆದ.