ಕಣ್ಣು ಮುಚ್ಚಿ ಆಡಿದ ಜಗಳ

ನಮ್ಮ ಸೋದರಮಾವ ದೇವರಿಗೆ ಹೇಳಿದ ಮಾತುಗಳಲ್ಲಿ ಅರ್ಧ ದೇವರಿಗೆ ಹೇಳಿದ್ದೇ ಅಲ್ಲ! ಇದು ಚಾಡಿ ಮಾತಲ್ಲ. ಮೂವತ್ತರ ದಶಕದಲ್ಲಿ ಶಿರಸಿಯ ನಮ್ಮ ಕ್ರೈಸ್ತ ಸಭೆಯ ಚಾಪೆಯ ಮೇಲೆ ಕೂತವರೆಲ್ಲ ಇದಕ್ಕೆ ಸಾಕ್ಷಿ.

ಮಾವ ಹಾವೇರಿ ಕಡೆಯಿಂದ ಬಂದ, ಊರೂರು ತಿರುಗಿ ಯೇಸುವಿನ ಮಾತು ಸಾರುವ ಸುವಾರ್ತಿಕರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಊರಿನ ಪ್ರಾರ್ಥನಾ ಕೂಟಗಳು ಅವರ ಪಾಲಿಗೆ. ಅವರ ಜೋಡಿ, ನಾನು ಕಲಿಸುತ್ತಿದ್ದ ಮಿಶನ್ ಶಾಲೆಯ ಹಿರಿಯ ಮಾಸ್ತರರು. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದನಲ್ಲ, ಹಾಗಾಗಿ ಮಾವ ಒಂಟಿಯಾಗಿ ಎಲ್ಲಿಗೂ ಹೋದವರಲ್ಲ. ಹಾರ್ಮೋನಿಯಂ ಕೂಡ ಇಬ್ಬರೇ ನುಡಿಸಬೇಕು! ಮಾಸ್ತರರು ಎರಡೂ ಕೈಯಿಂದ ನುಡಿಸುವುದು, ಮಾವ ಎದುರು ಕೂತು ತಿದಿ ಒತ್ತಿ ಗಾಳಿ ಹಾಕುವುದು.

ಕಷ್ಟವೇನೆಂದರೆ ಮಾವನಿಗೆ ಹಾಡುವ ಹುಚ್ಚು. ಸಿದ್ದಾಪುರದ ಕೂಟದಲ್ಲಿ "ಹಲ್ಲೆಲೂಯಾ" ಬಂದ ಕೂಡಲೇ ಎರಡೂ ಕೈ ಆಕಾಶಕ್ಕೆತ್ತಿದರು. ತಿದಿ ನಿಂತಿತು, ಹಾರ್ಮೋನಿಯಂ ಮುಲುಗಿ ಸುಮ್ಮನಾಯಿತು. ಮಾಸ್ತರರು ಎಲ್ಲರೆದುರೇ ಹೇಳಿಬಿಟ್ಟರು: "ನೀವು ಗಾಳಿ ಹಾಕ್ರಿ. ಹಾಡೂದು ಉಳದವರು ನೋಡ್ಕೋತಾರ."

ಅಲ್ಲಿಗೆ ಇಬ್ಬರ ನಡುವೆ ಮಾತು ಬಂದ್. ಆದರೆ ಕರ್ತನ ಕೆಲಸ ನಿಲ್ಲಿಸಲಾದೀತೇ? ಭಾನುವಾರ ಸಭೆಯಲ್ಲಿ ಮಾವ ಪ್ರಾರ್ಥನೆಗೆ ಎದ್ದು ನಿಂತು ಕಣ್ಣು ಮುಚ್ಚಿದರು. "ಕರ್ತನೇ, ನಾಳೆ ಯಲ್ಲಾಪುರದ ಮೋಟಾರು ತಪ್ಪದಂಗ ಮಾಸ್ತರರಿಗೆ ಲಗೂನ ಏಳೂ ಬುದ್ಧಿ ಕೊಡು." ನಾವೆಲ್ಲ ಆಮೆನ್ ಎಂದೆವು. ಮಾಸ್ತರರು ಎದ್ದರು. "ಕರ್ತನೇ, ಹೋದ ಸಲ ಮೋಟಾರು ನಿಲ್ಲಿಸಿ ಚಾ ಕುಡದವರು ಯಾರು ಅಂಬೂದು ನಿನಗ ಗೊತ್ತೈತಿ." ಅದಕ್ಕೂ ಆಮೆನ್! ಹೆಂಗಸರ ಸಾಲಿನಲ್ಲಿ ನಾವು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆವು.

ಮೋಟಾರಿನಲ್ಲೂ ಇದೇ ಕಥೆ. ಮಾವ ಕಣ್ಣು ಮುಚ್ಚಿ, "ಕರ್ತನೇ, ಪಕ್ಕದವರ ಛತ್ರಿ ನನ್ನ ಪಕ್ಕೆಗೆ ಚುಚ್ಚಾಕ್ಹತ್ತೈತಿ" ಎಂದು ಶುರುಮಾಡುತ್ತಿದ್ದರು. ಘಟ್ಟದ ತಿರುವಿನಲ್ಲಿ ಹಿಂದಿನಿಂದ ಪ್ರಾರ್ಥನೆ ಕೇಳಿದರೆ ಯಾವ ಡ್ರೈವರನ ಎದೆ ಝಲ್ಲೆನ್ನದೆ ಇದ್ದೀತು? ಪಾಪ, ಡ್ರೈವರ್ ಸಾಬರು ತಿರುಗಿ ನೋಡಿ, "ಹೆದರಬ್ಯಾಡ್ರಿ ಸಾಹೇಬ್ರ, ಬ್ರೇಕ್ ಚಲೋ ಅದಾವು" ಎಂದು ಸಮಾಧಾನ ಹೇಳುತ್ತಿದ್ದರಂತೆ.

ಸಭೆಯ ಪಾದ್ರಿ ಅಯ್ಯನವರಿಗೆ ಸಾಕಾಯಿತು. ಮುಂದಿನ ಭಾನುವಾರ, "ಇವತ್ತು ಎಲ್ಲರೂ ಮೌನವಾಗಿ ಪ್ರಾರ್ಥಿಸೋಣ" ಎಂದರು. ಎಂಥ ಜಾಣತನ! ಮರುದಿನ ಯಲ್ಲಾಪುರದಲ್ಲಿ ಇಬ್ಬರೂ ಶಿಸ್ತಾಗಿ ಇಳಿದರು. ಹಾರ್ಮೋನಿಯಂ ಮಾತ್ರ ಶಿರಸಿಯಲ್ಲೇ ಉಳಿದಿತ್ತು. ಅವರು ತರುತ್ತಾರೆಂದು ಇವರು, ಇವರು ತರುತ್ತಾರೆಂದು ಅವರು! ಅಯ್ಯನವರು ತೆಪ್ಪಗೆ ಬಾಯಿಪ್ರಾರ್ಥನೆಗೆ ಮರಳಿದರು.

ಹೀಗೇ ನಡೆಯುತ್ತಿರುವಾಗ ಮಾಸ್ತರರು ಚಳಿಜ್ವರ ಹಿಡಿದು ಮಲಗಿದರು. ಸಿದ್ದಾಪುರದ ಕಡೆ ಆ ಜ್ವರ ಎಷ್ಟೋ ಮನೆ ಖಾಲಿ ಮಾಡಿತ್ತು. ಡಾಕ್ಟರರು ಕ್ವಿನೈನ್ ಕೊಟ್ಟು, "ನೋಡೋಣ" ಎಂದಷ್ಟೇ ಹೇಳಿ ಹೋದರು.

ಆ ಭಾನುವಾರ ಮಾವ ಪ್ರಾರ್ಥನೆಗೆ ಎದ್ದರು. "ಕರ್ತನೇ, ನಮ್ಮ ಮಾಸ್ತರರನ್ನ..." ಎಂದರು. ಮುಂದೆ ಮಾತು ಹೊರಡಲಿಲ್ಲ. ನಿಂತರೆ ಅರ್ಧ ತಾಸು ಪ್ರಾರ್ಥಿಸುವ ಮನುಷ್ಯ! ಮಾವ ಕಣ್ಣು ತೆರೆದು, ಯಾರನ್ನೂ ನೋಡದೆ, ಸಭೆಯ ನಡುವೆಯೇ ಹೊರಟುಬಿಟ್ಟರು. ನನಗೆ ಭಯವಾಯಿತು. ಮಾಸ್ತರರಿಗೆಂದು ತಂದಿದ್ದ ಗಂಜಿಯ ತಂಬಿಗೆ ಹಿಡಿದು ಹಿಂದೆಯೇ ಓಡಿದೆ.

ಶಾಲೆಯ ಹಿಂದಿನ ಕೋಣೆಯಲ್ಲಿ ಮಾಸ್ತರರು ಕಂಬಳಿಯೊಳಗೆ ಮುದುಡಿ ಮಲಗಿದ್ದರು. ಮಾವ ಮಂಚದ ಅಂಚಿಗೆ ಕೂತರು. ಈ ಸಲ ಕಣ್ಣು ಮುಚ್ಚಲಿಲ್ಲ, ನಡುವೆ ದೇವರನ್ನೂ ಕರೆಯಲಿಲ್ಲ.

"ಮಾಸ್ತರ, ಇನ್ನ ನಾ ಹಾಡೂದಿಲ್ಲ. ಬರೇ ಗಾಳಿ ಹಾಕತೇನಿ. ನೀವೊಮ್ಮೆ ಏಳ್ರಿ."

ಮಾಸ್ತರರು ಕಂಬಳಿಯೊಳಗಿನಿಂದ ಕೈ ಹೊರಚಾಚಿ ಮಾವನ ಕೈ ಹುಡುಕಿದರು.

"ಹಾಡ್ರಿ," ಎಂದರು. "ಗಾಳಿ ಮಾತ್ರ ನಿಲ್ಲಸಬ್ಯಾಡ್ರಿ."

ಮಾವ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ದಿನ ಅವರ ಜಗಳಕ್ಕೆಲ್ಲ ನಗುನಗುತ್ತಾ ಆಮೆನ್ ಹೇಳಿದ್ದ ನಾನು, ಬಾಗಿಲಲ್ಲಿ ಗಂಜಿ ಹಿಡಿದು ನಿಂತು, ಮಾವನ ಪರವಾಗಿ ಆಮೆನ್ ಎಂದೆ. ಈ ಸಲ ನಗು ಬರಲಿಲ್ಲ.